ಆರೋಪಿ ಹಸ್ತಾಂತರ ಮತ್ತು ಮಾನವ ಹಕ್ಕುಗಳ ರಕ್ಷಣೆ: ಉಡುಪಿ ಸೀಮೆ

ಒಂದು ದೇಶದಲ್ಲಿ ಅಪರಾಧದ ಆರೋಪ ಹೊತ್ತು ಅಥವಾ ಶಿಕ್ಷೆಗೆ ಗುರಿಯಾಗಿ ಮತ್ತೊಂದು ದೇಶಕ್ಕೆ ಹೋಗಿ ಸೇರಿದ ವ್ಯಕ್ತಿಯನ್ನು, ಮೊದಲ ದೇಶ ಕೇಳಿದಾಗ, ಕಾನೂನಿನ ಕ್ರಮದಂತೆ ವಶಕ್ಕೆ ಒಪ್ಪಿಸುವುದೇ ಆರೋಪಿ ಹಸ್ತಾಂತರ. ಒಪ್ಪಿಸುವ ಮೊದಲು ಆ ವ್ಯಕ್ತಿಗೆ ತನ್ನ ವಾದ ಮಂಡಿಸುವ ಅವಕಾಶ ಇರಲೇಬೇಕು. ಹಾಗೆ ಮಂಡಿಸುವ ವಾದಗಳಲ್ಲಿ ಚಿತ್ರಹಿಂಸೆ, ಮರಣದಂಡನೆ, ಅಮಾನವೀಯ ಸೆರೆವಾಸ, ನ್ಯಾಯವಲ್ಲದ ವಿಚಾರಣೆ ಇವುಗಳ ಭಯವನ್ನು ಆಧರಿಸಿದವಕ್ಕೆ ಮಾನವ ಹಕ್ಕುಗಳ ಪ್ರತಿವಾದ ಎಂಬ ಹೆಸರಿದೆ.

ಉಡುಪಿ, ಮಣಿಪಾಲ, ಕಾಪು, ಕಾರ್ಕಳ ಈ ಸೀಮೆಯ ಮಟ್ಟಿಗೆ ವಿಷಯಕ್ಕೆ ಎರಡು ಮುಖಗಳಿವೆ. ಇಲ್ಲಿನ ಪೊಲೀಸರಿಗೆ ಬೇಕಾಗಿ ವಿದೇಶದಲ್ಲಿ ಸಿಕ್ಕಿಬಿದ್ದವರನ್ನು ಭಾರತಕ್ಕೆ ತರಿಸಿದ ಪ್ರಕರಣಗಳು ಒಂದು ಕಡೆ. ಕೊಲ್ಲಿ ದೇಶಗಳಲ್ಲೋ ಅಮೆರಿಕದಲ್ಲೋ ದುಡಿಯಲು ಹೋದವರು ಅಲ್ಲಿನ ಪ್ರಕರಣ ಬೆನ್ನಿಗಿರುವಾಗಲೇ ಊರಿಗೆ ಮರಳಿದರೆ ಅವರ ಕಾನೂನು ಸ್ಥಿತಿ ಏನು ಎಂಬುದು ಇನ್ನೊಂದು ಕಡೆ. ಮೊದಲನೆಯದು ಪತ್ರಿಕೆಗಳ ಮುಖಪುಟದಲ್ಲಿ ಬಂದಿದೆ. ಎರಡನೆಯದು ಮುಟ್ಟುವ ಮನೆಗಳೇ ಹೆಚ್ಚು.

ಪದಬಳಕೆ

ಕನ್ನಡ ಸುದ್ದಿಬರಹದಲ್ಲಿ ‘ಗಡೀಪಾರು’ ಎಂಬ ಒಂದೇ ಪದ ಮೂರು ಬೇರೆ ಕ್ರಮಗಳಿಗೆ ಬಳಕೆಯಾಗುತ್ತಿದೆ. ಕರ್ನಾಟಕ ಪೊಲೀಸ್ ಕಾಯ್ದೆ 1963ರ 55ನೇ ಕಲಮಿನಡಿ ರೌಡಿಪಟ್ಟಿಯಲ್ಲಿರುವವನನ್ನು ಇಂತಿಷ್ಟು ಕಾಲ ಜಿಲ್ಲೆಯಿಂದ ಹೊರಗಿಡುವುದು ಮೊದಲನೆಯದು. ಉಡುಪಿಯ ಓದುಗರಿಗೆ ಚುನಾವಣೆ ಹತ್ತಿರ ಬಂದಾಗಲೆಲ್ಲ ಕಾಣುವ ಸುದ್ದಿ ಇದೇ. ವೀಸಾ ಮುಗಿದ, ಇಲ್ಲವೆ ಬೇಡವೆನಿಸಿದ ವಿದೇಶಿಯನ್ನು ಸರ್ಕಾರ ತಾನಾಗಿಯೇ ದೇಶದಿಂದ ಹೊರಗೆ ಕಳುಹಿಸುವುದು ಎರಡನೆಯದು. ಇನ್ನೊಂದು ದೇಶ ಕೇಳಿದ ಆರೋಪಿಯನ್ನು ನ್ಯಾಯಾಲಯದ ವಿಚಾರಣೆಯ ನಂತರ ಒಪ್ಪಿಸುವುದು ಮೂರನೆಯದು. ಈ ಲೇಖನದಲ್ಲಿ ಎರಡನೆಯದಕ್ಕೆ ಮಾತ್ರ ‘ಗಡೀಪಾರು’ ಎಂದೂ ಮೂರನೆಯದಕ್ಕೆ ‘ಹಸ್ತಾಂತರ’ ಎಂದೂ ಹೇಳಿದೆ. ಆರೋಪಿಯನ್ನು ಕೇಳುವ ದೇಶ ‘ಕೋರುವ ದೇಶ’, ಆತ ಸಿಕ್ಕಿಬಿದ್ದ ದೇಶ ‘ಒಪ್ಪಿಸುವ ದೇಶ’.

ಹಕ್ಕುಗಳ ದೃಷ್ಟಿಯಿಂದ ಈ ಎರಡರ ನಡುವಿನ ಅಂತರ ದೊಡ್ಡದು. ಹಸ್ತಾಂತರದಲ್ಲಿ ಆರೋಪಿಗೆ ನ್ಯಾಯಾಧೀಶರ ಮುಂದೆ ನಿಲ್ಲುವ ಹಕ್ಕಿದೆ, ಒಪ್ಪಿಸಿದ ಆರೋಪಕ್ಕಷ್ಟೇ ವಿಚಾರಣೆ ಎಂಬ ಕಟ್ಟುಪಾಡಿದೆ. ಗಡೀಪಾರಿನಲ್ಲಿ ಇವೆರಡೂ ಸಾಮಾನ್ಯವಾಗಿ ಇರುವುದಿಲ್ಲ. ವಿಮಾನ ಹತ್ತಿಸಿ ಕಳುಹಿಸಿದರೆ ಮುಗಿಯಿತು. ಭೂಗತ ಪಾತಕಿ ಛೋಟಾ ರಾಜನ್ 2015ರ ನವೆಂಬರಿನಲ್ಲಿ ಇಂಡೊನೇಷ್ಯದ ಬಾಲಿಯಿಂದ ಬಂದದ್ದು ಗಡೀಪಾರಿನ ದಾರಿಯಲ್ಲಿ. ವಿದೇಶಿಯೊಬ್ಬನನ್ನು ಹೊರಹಾಕುವ ಅಧಿಕಾರ, ಹಸ್ತಾಂತರಿಸುವ ಅಧಿಕಾರ ಇವೆರಡೂ ಬೇರೆ ಬೇರೆ, ಒಂದಿದ್ದ ಮಾತ್ರಕ್ಕೆ ಇನ್ನೊಂದು ಇಲ್ಲವಾಗದು ಎಂದು ಭಾರತದ ಸುಪ್ರೀಂ ಕೋರ್ಟ್ ಹ್ಯಾನ್ಸ್ ಮುಲ್ಲರ್ ಪ್ರಕರಣದಲ್ಲಿ 1955ರಷ್ಟು ಹಿಂದೆಯೇ ಹೇಳಿದೆ.

ಹಿನ್ನೆಲೆ

ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತಿದರೆ ಹಿಂದೆ ಆಡಳಿತವೇ ಬದಲಾಗುತ್ತಿತ್ತು. ಘಟ್ಟದ ಕೆಳಗಿನ ಉಡುಪಿ, ಕಾರ್ಕಳ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು, ಮೇಲಿನ ತೀರ್ಥಹಳ್ಳಿ ಮೈಸೂರು ಸಂಸ್ಥಾನದ್ದು. ಕಾರ್ಕಳದಲ್ಲಿ ಅಪರಾಧ ಮಾಡಿ ಘಟ್ಟ ಹತ್ತಿದವನನ್ನು ಮರಳಿ ಪಡೆಯಲು ಬ್ರಿಟಿಷ್ ಪೊಲೀಸರಿಗೆ ನೇರ ಅಧಿಕಾರವಿರಲಿಲ್ಲ. ಬ್ರಿಟಿಷ್ ಪ್ರದೇಶ ಮತ್ತು ಸಂಸ್ಥಾನಗಳ ನಡುವಿನ ಇಂಥ ಒಪ್ಪಿಸುವಿಕೆಯನ್ನು 1903ರ ಇಂಡಿಯನ್ ಎಕ್ಸ್‌ಟ್ರಡಿಷನ್ ಕಾಯ್ದೆ ನಿಯಂತ್ರಿಸುತ್ತಿತ್ತು. ಬ್ರಿಟಿಷ್ ಸಾಮ್ರಾಜ್ಯದ ಒಂದು ವಸಾಹತಿನಿಂದ ಇನ್ನೊಂದಕ್ಕೆ ಓಡಿಹೋದವರಿಗೆ 1881ರ ಫ್ಯುಜಿಟಿವ್ ಅಫೆಂಡರ್ಸ್ ಕಾಯ್ದೆ ಅನ್ವಯಿಸುತ್ತಿತ್ತು.

ಸ್ವಾತಂತ್ರ್ಯದ ಬಳಿಕ ಈ ವ್ಯವಸ್ಥೆ ಮುರಿದದ್ದು ಮದರಾಸಿನಿಂದಲೇ ಬಂದ ಪ್ರಕರಣದಲ್ಲಿ. ಸಿಂಗಾಪುರಕ್ಕೆ ಬೇಕಾಗಿದ್ದ ವಕೀಲ ಸಿ.ಜಿ. ಮೆನನ್ ಅವರನ್ನು 1881ರ ಕಾಯ್ದೆಯಂತೆ ಒಪ್ಪಿಸಬಹುದೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಯಿತು. ಭಾರತ ಗಣರಾಜ್ಯವಾದ ಮೇಲೆ, ಬ್ರಿಟಿಷ್ ವಸಾಹತುಗಳ ನಡುವೆ ಆರೋಪಿಗಳನ್ನು ಸುಲಭವಾಗಿ ಸಾಗಿಸುವ ಆ ಏರ್ಪಾಡು ಸಂವಿಧಾನದೊಡನೆ ಹೊಂದುವುದಿಲ್ಲ ಎಂದು 1954ರಲ್ಲಿ ತೀರ್ಪು ಬಂತು. ದಕ್ಷಿಣ ಕನ್ನಡ ಆಗಿನ್ನೂ ಮದರಾಸು ರಾಜ್ಯದ ಜಿಲ್ಲೆ. 1956ರ ನವೆಂಬರ್ 1ರಂದು ಕಾಸರಗೋಡನ್ನು ಬಿಟ್ಟು ಉಳಿದ ಭಾಗ ಮೈಸೂರು ರಾಜ್ಯಕ್ಕೆ ಸೇರಿತು, 1997ರಲ್ಲಿ ಅದರಿಂದ ಉಡುಪಿ ಜಿಲ್ಲೆ ಬೇರೆಯಾಯಿತು. ಇಷ್ಟರ ನಡುವೆ ದೇಶಕ್ಕೊಂದು ಹೊಸ ಕಾಯ್ದೆ ಬಂದಿತ್ತು. ಅದೇ 1962ರ ಹಸ್ತಾಂತರ ಕಾಯ್ದೆ. 1993ರಲ್ಲಿ ದೊಡ್ಡ ತಿದ್ದುಪಡಿ ಕಂಡು ಇಂದಿಗೂ ಜಾರಿಯಲ್ಲಿದೆ.

ಕಾಯ್ದೆಯ ಸ್ವರೂಪ

ಕೋರಿಕೆ ಪೊಲೀಸರಿಂದ ಪೊಲೀಸರಿಗೆ ಹೋಗುವುದಿಲ್ಲ, ಸರ್ಕಾರದಿಂದ ಸರ್ಕಾರಕ್ಕೆ ಹೋಗುತ್ತದೆ. ಭಾರತದಲ್ಲಿ ಅದನ್ನು ಸ್ವೀಕರಿಸುವುದೂ ಕಳುಹಿಸುವುದೂ ವಿದೇಶಾಂಗ ಸಚಿವಾಲಯದ ಕಾನ್ಸುಲರ್, ಪಾಸ್‌ಪೋರ್ಟ್, ವೀಸಾ ವಿಭಾಗ. ಉಡುಪಿಯ ಠಾಣೆಗೆ ಬೇಕಾದವನು ಹೊರದೇಶದಲ್ಲಿದ್ದರೆ ಕಡತ ಇಲ್ಲಿಂದ ಬೆಂಗಳೂರಿಗೆ, ಅಲ್ಲಿಂದ ದೆಹಲಿಗೆ, ದೆಹಲಿಯಿಂದ ಆ ದೇಶದ ರಾಜಧಾನಿಗೆ ಹೋಗಬೇಕು. ಆರೋಪಪಟ್ಟಿ, ವಾರಂಟು, ಸಾಕ್ಷಿ ಹೇಳಿಕೆಗಳೆಲ್ಲ ಆ ದೇಶದ ಭಾಷೆಯಲ್ಲಿರಬೇಕು. ಮುಂದೆ ಬರುವ ಎರಡು ಪ್ರಕರಣಗಳ ದೇಶಗಳಾದ ಮೊರಾಕೊ ಮತ್ತು ಸೆನೆಗಲ್ ಎರಡರಲ್ಲೂ ಆಡಳಿತದಲ್ಲಿ ಫ್ರೆಂಚ್ ನಡೆಯುತ್ತದೆ.

ವಿದೇಶವೊಂದು ಭಾರತದಲ್ಲಿರುವವರನ್ನು ಕೇಳಿದಾಗ 5ನೇ ಕಲಮಿನಂತೆ ಕೇಂದ್ರ ಸರ್ಕಾರ ಒಬ್ಬ ಮ್ಯಾಜಿಸ್ಟ್ರೇಟರಿಗೆ ವಿಚಾರಣೆ ವಹಿಸುತ್ತದೆ. ರೂಢಿಯಲ್ಲಿ ಇದು ದೆಹಲಿಯ ಪಟಿಯಾಲಾ ಹೌಸ್ ನ್ಯಾಯಾಲಯ. ಆದ್ದರಿಂದ ಮಣಿಪಾಲದಲ್ಲಿ ಬಂಧಿತನಾದವನು ಕೂಡ ವಾದಿಸಬೇಕಾದದ್ದು ಎರಡು ಸಾವಿರ ಕಿಲೋಮೀಟರು ದೂರದಲ್ಲಿ. ಸ್ಥಳೀಯ ನ್ಯಾಯಾಲಯದಲ್ಲಿ ಆಗುವುದು ಅಲ್ಲಿಗೆ ಕರೆದೊಯ್ಯುವ ಅನುಮತಿಯ ಹಂತ ಮಾತ್ರ. ಮ್ಯಾಜಿಸ್ಟ್ರೇಟರು ತಪ್ಪಿತಸ್ಥನೋ ಅಲ್ಲವೋ ಎಂದು ನಿರ್ಧರಿಸುವುದಿಲ್ಲ. ಮೇಲ್ನೋಟಕ್ಕೆ ಪ್ರಕರಣವಿದೆಯೇ ಎಂದಷ್ಟೇ 7ನೇ ಕಲಮಿನಡಿ ನೋಡುತ್ತಾರೆ. ಇದೆ ಎನಿಸಿದರೆ ಸೆರೆಗೆ ಒಪ್ಪಿಸಿ ಕೇಂದ್ರಕ್ಕೆ ವರದಿ ಕಳುಹಿಸುತ್ತಾರೆ, ಆರೋಪಿಯ ಲಿಖಿತ ಹೇಳಿಕೆಯಿದ್ದರೆ ಅದೂ ಜೊತೆಗೆ ಹೋಗುತ್ತದೆ. ಒಪ್ಪಿಸಬೇಕೋ ಬೇಡವೋ ಎಂಬ ಕೊನೆಯ ಮಾತು ಸರ್ಕಾರದ್ದು. ತುರ್ತು ಬಂಧನಕ್ಕೆ 34ಬಿ ಕಲಮಿದೆ. ಬಂಧಿಸಿ 60 ದಿನಗಳೊಳಗೆ ಪೂರ್ಣ ಕೋರಿಕೆ ಬಾರದಿದ್ದರೆ ಬಿಡಬೇಕು. ಸೆರೆಗೆ ಒಪ್ಪಿಸಿ ಎರಡು ತಿಂಗಳಾದರೂ ಸಾಗಿಸದಿದ್ದರೆ ಬಿಡುಗಡೆಗಾಗಿ ಹೈಕೋರ್ಟಿನ ಮೊರೆಹೋಗಲು 24ನೇ ಕಲಮು ಅವಕಾಶ ಕೊಡುತ್ತದೆ.

ಉಡುಪಿ ಮೂಲದ ಎರಡು ಪ್ರಕರಣಗಳು

ಉತ್ತರ ಕನ್ನಡದ ಅಂಕೋಲಾದಲ್ಲಿ 2013ರ ಡಿಸೆಂಬರ್ 21ರಂದು ಉದ್ಯಮಿ ಆರ್.ಎನ್. ನಾಯಕ ಅವರ ಕೊಲೆಯಾಯಿತು. ಹಣಕ್ಕಾಗಿ ಬೆದರಿಸಿ, ಸಿಗದಾಗ ಕೊಲ್ಲಿಸಿದ ಆರೋಪ ಉಡುಪಿಯ ಬನ್ನಂಜೆ ಮೂಲದ ಬನ್ನಂಜೆ ರಾಜನ ಮೇಲೆ ಬಂತು. ಆತ ಆಗ ಭಾರತದಲ್ಲಿರಲಿಲ್ಲ. 2015ರ ಫೆಬ್ರವರಿಯಲ್ಲಿ ಮೊರಾಕೊದಲ್ಲಿ ಬಂಧಿತನಾದ. ಮೊರಾಕೊ ಜೊತೆ ಆ ವರ್ಷ ಜಾರಿಯಲ್ಲಿದ್ದ ಹಸ್ತಾಂತರ ಒಪ್ಪಂದ ಭಾರತಕ್ಕಿರಲಿಲ್ಲ. ಆದರೂ ಆರು ತಿಂಗಳಲ್ಲಿ ಕೋರಿಕೆ ಫಲಿಸಿ ಆಗಸ್ಟ್ 14ರಂದು ಕರ್ನಾಟಕ ಪೊಲೀಸರು ಆತನನ್ನು ಬೆಂಗಳೂರಿಗೆ ತಂದರು. ಕರ್ನಾಟಕ ಸಂಘಟಿತ ಅಪರಾಧಗಳ ನಿಯಂತ್ರಣ ಕಾಯ್ದೆಯಡಿ, ಅಂದರೆ ಪತ್ರಿಕೆಗಳು ‘ಕೋಕಾ’ ಎಂದು ಕರೆಯುವ ಕಾನೂನಿನಡಿ, ಬೆಳಗಾವಿಯ ವಿಶೇಷ ನ್ಯಾಯಾಲಯದಲ್ಲಿ ವಿಚಾರಣೆ ನಡೆದು 2022ರ ಏಪ್ರಿಲ್‌ನಲ್ಲಿ ಜೀವಾವಧಿ ಶಿಕ್ಷೆಯಾಯಿತು.

ಮಲ್ಪೆ ಮೂಲದ ರವಿ ಪೂಜಾರಿಯದು ಇದಕ್ಕಿಂತ ಉದ್ದದ ಹಾದಿ. ಮುಂಬಯಿ ಮತ್ತು ಕರ್ನಾಟಕದಲ್ಲಿ ಸುಲಿಗೆ, ಕೊಲೆ, ಬೆದರಿಕೆಯ ಹಲವಾರು ಪ್ರಕರಣಗಳಲ್ಲಿ ಬೇಕಾಗಿದ್ದ ಆತ 2019ರ ಜನವರಿಯಲ್ಲಿ ಸೆನೆಗಲ್‌ನ ರಾಜಧಾನಿ ಡಾಕರ್‌ನಲ್ಲಿ ಸಿಕ್ಕ. ತಾನು ರವಿ ಪೂಜಾರಿಯಲ್ಲ, ಬುರ್ಕಿನಾ ಫಾಸೊದ ಪೌರ ಆಂಟನಿ ಫರ್ನಾಂಡಿಸ್ ಎಂಬುದು ಆತನ ಮುಖ್ಯ ವಾದ. ಕೈಯಲ್ಲಿ ಆ ದೇಶದ ಪಾಸ್‌ಪೋರ್ಟೂ ಇತ್ತು. ಜಾಮೀನು ಸಿಕ್ಕಿದೊಡನೆ ದಕ್ಷಿಣ ಆಫ್ರಿಕಕ್ಕೆ ದಾಟಿದ. ಅಲ್ಲಿ ಮತ್ತೆ ಬಂಧನವಾಗಿ ಸೆನೆಗಲ್‌ಗೆ ಮರಳಿಸಲ್ಪಟ್ಟು, ಅಲ್ಲಿಂದ ಭಾರತದ ವಶಕ್ಕೆ ಬಂದ. 2020ರ ಫೆಬ್ರವರಿ 24ರ ನಸುಕಿನಲ್ಲಿ ಆತನನ್ನು ಹೊತ್ತ ವಿಮಾನ ಬೆಂಗಳೂರಿನಲ್ಲಿ ಇಳಿಯಿತು. ಮುಂದೆ ಮುಂಬಯಿ ಪೊಲೀಸರೂ ಆತನನ್ನು ತಮ್ಮ ಪ್ರಕರಣಗಳಿಗಾಗಿ ವಶಕ್ಕೆ ಪಡೆದರು.

ಎರಡೂ ಪ್ರಕರಣಗಳಿಂದ ತಿಳಿಯುವ ಒಂದು ಸಂಗತಿ, ಜನಾಭಿಪ್ರಾಯಕ್ಕೆ ವಿರುದ್ಧವಾದದ್ದು: ಒಪ್ಪಂದವಿಲ್ಲದ ದೇಶವೆಂದರೆ ಸುರಕ್ಷಿತ ತಾಣವಲ್ಲ. ಪರಸ್ಪರತೆಯ ಭರವಸೆಯ ಮೇಲೆ, ಇಲ್ಲವೆ ಎರಡೂ ದೇಶಗಳು ಸಹಿ ಹಾಕಿದ ವಿಶ್ವಸಂಸ್ಥೆಯ ಒಡಂಬಡಿಕೆಯ ಆಧಾರದ ಮೇಲೆ ಹಸ್ತಾಂತರ ನಡೆಯಬಹುದು. ಭಾರತದ ಕಾಯ್ದೆಯ 3(4) ಕಲಮು ಇದಕ್ಕೆ ಜಾಗ ಮಾಡಿಕೊಟ್ಟಿದೆ. ಒಪ್ಪಂದವಿಲ್ಲದಿದ್ದಾಗ ಆರೋಪಿಗೆ ನಷ್ಟವೂ ಇದೆ. ಒಪ್ಪಂದದಲ್ಲಿ ಬರೆದಿಡುವ ನಿರಾಕರಣೆಯ ಕಾರಣಗಳು ಅಲ್ಲಿರುವುದಿಲ್ಲ, ಒಪ್ಪಿಸುವ ದೇಶದ ಸ್ವಂತ ಕಾನೂನು ಎಷ್ಟು ಕೊಡುತ್ತದೋ ಅಷ್ಟೇ.

ಕಾಯ್ದೆಯಲ್ಲಿರುವ ಪ್ರತಿವಾದಗಳು

ಭಾರತದ ಕಾಯ್ದೆಯಲ್ಲಿ ‘ಮಾನವ ಹಕ್ಕು’ ಎಂಬ ಮಾತನ್ನು ಮುಂದಿಟ್ಟು ಹಸ್ತಾಂತರ ತಡೆಯುವ ಕಲಮಿಲ್ಲ. ರಕ್ಷಣೆಗಳು ಬೇರೆ ಬೇರೆ ಹೆಸರಿನಲ್ಲಿ ಚದುರಿಕೊಂಡಿವೆ. 31ನೇ ಕಲಮಿನಂತೆ ರಾಜಕೀಯ ಸ್ವರೂಪದ ಅಪರಾಧಕ್ಕಾಗಿ ಯಾರನ್ನೂ ಒಪ್ಪಿಸುವಂತಿಲ್ಲ. ಕೋರುವ ದೇಶದಲ್ಲಿ ಕಾಲಮಿತಿ ಮೀರಿದ ಆರೋಪಕ್ಕೂ ಇಲ್ಲ. ಭಾರತದಲ್ಲೇ ಬೇರೆ ಆರೋಪ ಎದುರಿಸುತ್ತಿರುವವನನ್ನು ಅದು ಮುಗಿಯುವ ತನಕ ಕಳುಹಿಸುವಂತಿಲ್ಲ. ಕೋರಿಕೆ ಕ್ಷುಲ್ಲಕವೋ, ಸದುದ್ದೇಶದಿಂದ ಮಾಡಿದ್ದಲ್ಲವೋ, ರಾಜಕೀಯ ಕಾರಣದ್ದೋ, ಒಪ್ಪಿಸುವುದು ಅನ್ಯಾಯವಾದೀತೋ ಎನಿಸಿದರೆ 29ನೇ ಕಲಮಿನಡಿ ಕೇಂದ್ರ ಸರ್ಕಾರ ಆರೋಪಿಯನ್ನು ಯಾವ ಹಂತದಲ್ಲೂ ಬಿಡಬಹುದು. ಚಿತ್ರಹಿಂಸೆಯ ಭಯದ ವಾದವನ್ನು ಭಾರತದಲ್ಲಿ ಸೇರಿಸಬಹುದಾದ ಕಿಂಡಿ ಮುಖ್ಯವಾಗಿ ಇದೇ. ಇದರ ಹಿಂದೆ ಸಂವಿಧಾನದ 21ನೇ ವಿಧಿಯಿದೆ. ಅದು ಪೌರರಿಗೆ ಮಾತ್ರ ಮೀಸಲಲ್ಲ, ಮಣಿಪಾಲದಲ್ಲಿ ಓದುವ ವಿದೇಶಿ ವಿದ್ಯಾರ್ಥಿಗೂ ಅನ್ವಯಿಸುತ್ತದೆ.

ಉಭಯ ಅಪರಾಧ ತತ್ತ್ವ ಎಲ್ಲ ಪ್ರತಿವಾದಗಳ ಬುನಾದಿ. ಆರೋಪಿಸಿದ ಕೃತ್ಯ ಎರಡೂ ದೇಶಗಳಲ್ಲಿ ಅಪರಾಧವಾಗಿರಬೇಕು, ಸಾಮಾನ್ಯವಾಗಿ ಕನಿಷ್ಠ ಒಂದು ವರ್ಷದ ಸೆರೆವಾಸಕ್ಕೆ ಅರ್ಹವಾದದ್ದಾಗಿರಬೇಕು. ಪರಸ್ಪರ ಒಪ್ಪಿತ ವಯಸ್ಕರ ಖಾಸಗಿ ಸಂಬಂಧ, ಮತಾಂತರ, ದೊರೆಯ ಟೀಕೆ ಇಂಥವು ಕೋರುವ ದೇಶದಲ್ಲಿ ಅಪರಾಧವಾಗಿದ್ದರೂ ಈ ತತ್ತ್ವದ ಮುಂದೆ ನಿಲ್ಲುವುದು ಕಷ್ಟ. ಹೆಸರಿಗೆ ತಾಂತ್ರಿಕವಾದರೂ, ಹಕ್ಕುಗಳನ್ನು ದಿನನಿತ್ಯ ಕಾಯುವುದು ಇದೇ.

ನಿರ್ದಿಷ್ಟತಾ ತತ್ತ್ವ ಮರಳಿ ಬಂದವರಿಗೆ ಸಂಬಂಧಿಸಿದ್ದು. 21ನೇ ಕಲಮಿನಂತೆ, ಯಾವ ಅಪರಾಧಕ್ಕಾಗಿ ಒಪ್ಪಿಸಲಾಯಿತೋ ಅದಕ್ಕೆ ಮತ್ತು ಅದೇ ಸಂಗತಿಗಳಿಂದ ರುಜುವಾಗುವ ಕಡಿಮೆ ಅಪರಾಧಕ್ಕೆ ಮಾತ್ರ ವಿಚಾರಣೆ ನಡೆಸಬಹುದು. ಬೇರೆ ಆರೋಪ ಹೊರಿಸಲು ಒಪ್ಪಿಸಿದ ದೇಶದ ಸಮ್ಮತಿ ಬೇಕು, ಇಲ್ಲವೆ ಆರೋಪಿಗೆ ಆ ದೇಶಕ್ಕೆ ಮರಳುವ ಅವಕಾಶ ಸಿಕ್ಕಿರಬೇಕು. ದಯಾ ಸಿಂಗ್ ಲಾಹೋರಿಯ ಪ್ರಕರಣದಲ್ಲಿ 2001ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಹತ್ತಾರು ಠಾಣೆಗಳಲ್ಲಿ ಪ್ರಕರಣವಿರುವ ಆರೋಪಿಗಳ ವಿಷಯದಲ್ಲಿ ಪೊಲೀಸರು ಕೋರಿಕೆಯಲ್ಲೇ ಆದಷ್ಟು ಪ್ರಕರಣಗಳನ್ನು ಪಟ್ಟಿಮಾಡುವುದು ಈ ಕಾರಣಕ್ಕೆ.

ಮರಣದಂಡನೆ ಇರುವ ದೇಶಕ್ಕೆ ಆರೋಪಿಯನ್ನು ಒಪ್ಪಿಸಲು ಯುರೋಪಿನ ದೇಶಗಳು ಹಿಂಜರಿಯುತ್ತವೆ. ಇದಕ್ಕೆಂದೇ 34ಸಿ ಕಲಮು ಸೇರಿತು. ಮರಣದಂಡನೆ ಇಲ್ಲದ ದೇಶ ಒಪ್ಪಿಸಿದವನಿಗೆ ಆ ಅಪರಾಧಕ್ಕೆ ಭಾರತದಲ್ಲಿ ಜೀವಾವಧಿಗಿಂತ ಹೆಚ್ಚಿನ ಶಿಕ್ಷೆ ಇಲ್ಲ. ಭೂಗತ ಪಾತಕಿ ಅಬು ಸಲೇಂನನ್ನು 2005ರ ನವೆಂಬರಿನಲ್ಲಿ ಒಪ್ಪಿಸುವ ಮುನ್ನ ಪೋರ್ಚುಗಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 25 ವರ್ಷ ಮೀರಿದ ಸೆರೆವಾಸವೂ ಇಲ್ಲವೆಂಬ ಭರವಸೆ ಪಡೆದಿತ್ತು. ಆ ಮಾತನ್ನು ಸರ್ಕಾರ ಉಳಿಸಿಕೊಳ್ಳಲೇಬೇಕೆಂದು ಸುಪ್ರೀಂ ಕೋರ್ಟ್ 2022ರ ಜುಲೈನಲ್ಲಿ ಹೇಳಿತು.

ಸೆರೆಮನೆಯ ಪ್ರಶ್ನೆ

ಮಾನವ ಹಕ್ಕುಗಳ ಪ್ರತಿವಾದಕ್ಕೆ ಇಂದಿನ ರೂಪ ಬಂದದ್ದು ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯದಿಂದ. 1989ರ ಸೋಯರಿಂಗ್ ತೀರ್ಪಿನ ಪ್ರಕಾರ, ಕೋರುವ ದೇಶದಲ್ಲಿ ಚಿತ್ರಹಿಂಸೆ ಅಥವಾ ಅಮಾನವೀಯ ನಡವಳಿಕೆಯ ನಿಜವಾದ ಅಪಾಯವಿದ್ದರೆ, ಅಲ್ಲಿಗೆ ಕಳುಹಿಸುವ ದೇಶವೇ ಯುರೋಪಿಯನ್ ಒಡಂಬಡಿಕೆಯ 3ನೇ ವಿಧಿಯನ್ನು ಮುರಿದಂತೆ. 1996ರ ಚಹಲ್ ತೀರ್ಪು ನೇರವಾಗಿ ಭಾರತಕ್ಕೆ ಸಂಬಂಧಿಸಿದ್ದು: ಒಬ್ಬ ಸಿಖ್ ಹೋರಾಟಗಾರರನ್ನು ಬ್ರಿಟನ್ ಭಾರತಕ್ಕೆ ಗಡೀಪಾರು ಮಾಡುವುದನ್ನು ಅದು ತಡೆಯಿತು, ರಾಷ್ಟ್ರೀಯ ಭದ್ರತೆಯ ಕಾರಣಕ್ಕೂ ಈ ನಿಯಮ ಸಡಿಲವಾಗದು ಎಂದಿತು.

ಕನ್ನಡ ಓದುಗರಿಗೆ ಈ ವಾದ ಪರಿಚಯವಾದದ್ದು ವಿಜಯ್ ಮಲ್ಯ ಅವರಿಂದ. ಮಲ್ಯ ಕುಟುಂಬದ ಮೂಲ ಬಂಟ್ವಾಳ. ಅವರು 2002 ಮತ್ತು 2010ರಲ್ಲಿ ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾದವರು. ಅವರ ಕಿಂಗ್‌ಫಿಷರ್ ಏರ್‌ಲೈನ್ಸ್‌ಗೆ ಸಾಲ ಕೊಟ್ಟ ಬ್ಯಾಂಕುಗಳ ಒಕ್ಕೂಟದಲ್ಲಿ 1906ರಲ್ಲಿ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕೂ ಇತ್ತು. 2016ರ ಮಾರ್ಚ್ 2ರಂದು ದೇಶ ಬಿಟ್ಟ ಮಲ್ಯ ಲಂಡನ್ನಿನಲ್ಲಿ 2017ರ ಏಪ್ರಿಲ್ 18ರಂದು ಬಂಧಿತರಾಗಿ ಜಾಮೀನು ಪಡೆದರು. ಮೇಲ್ನೋಟಕ್ಕೂ ಪ್ರಕರಣವಿಲ್ಲ, ಮೊಕದ್ದಮೆಯ ಹಿಂದೆ ರಾಜಕೀಯವಿದೆ, ಮುಂಬಯಿಯ ಆರ್ಥರ್ ರೋಡ್ ಜೈಲು ಮನುಷ್ಯರಿರುವಂಥದ್ದಲ್ಲ ಎಂಬ ಮೂರು ವಾದಗಳನ್ನು ಅವರ ವಕೀಲರು ಹೂಡಿದರು. ಭಾರತ ಸರ್ಕಾರ 12ನೇ ಬ್ಯಾರಕ್ಕಿನ ವಿಡಿಯೊ ಚಿತ್ರೀಕರಿಸಿ ಕಳುಹಿಸಿತು. ವೆಸ್ಟ್‌ಮಿನ್‌ಸ್ಟರ್ ನ್ಯಾಯಾಲಯದ ಮುಖ್ಯ ಮ್ಯಾಜಿಸ್ಟ್ರೇಟ್ ಎಮ್ಮಾ ಆರ್ಬತ್ನಾಟ್ 2018ರ ಡಿಸೆಂಬರ್ 10ರಂದು ಮೂರನ್ನೂ ತಳ್ಳಿಹಾಕಿದರು. ಮೇಲ್ಮನವಿಗೆ ಅನುಮತಿ ಸಿಕ್ಕಿದ್ದು ಮೊದಲ ವಾದಕ್ಕೆ ಮಾತ್ರ, ಅದೂ 2020ರ ಏಪ್ರಿಲ್ 20ರಂದು ಬಿದ್ದುಹೋಯಿತು. ಬ್ರಿಟನ್ನಿನ ಸುಪ್ರೀಂ ಕೋರ್ಟಿಗೆ ಹೋಗುವ ಅನುಮತಿಯನ್ನು ಮೇ 14ರಂದು ನಿರಾಕರಿಸಲಾಯಿತು. ಅಲ್ಲಿಗೆ ಹಸ್ತಾಂತರದ ದಾರಿ ತೆರೆದಂತೆ ಕಂಡರೂ, ಗೋಪ್ಯವಾದ ಕಾನೂನು ವಿಷಯವೊಂದು ಬಗೆಹರಿಯಬೇಕಿದೆ ಎಂದು ಬ್ರಿಟಿಷ್ ಸರ್ಕಾರ ತಿಳಿಸಿತು.

ಜೈಲಿನ ವಾದ ಒಮ್ಮೆ ಸೋಲುತ್ತದೆ, ಮತ್ತೊಮ್ಮೆ ಗೆಲ್ಲುತ್ತದೆ. 2000ದ ಕ್ರಿಕೆಟ್ ಮ್ಯಾಚ್ ಫಿಕ್ಸಿಂಗ್ ಪ್ರಕರಣದ ಸಂಜೀವ್ ಚಾವ್ಲಾರನ್ನು ತಿಹಾರ್ ಜೈಲಿನ ಸ್ಥಿತಿಯ ಕಾರಣಕ್ಕೆ ಲಂಡನ್ನಿನ ಕೆಳಗಿನ ನ್ಯಾಯಾಲಯ 2017ರಲ್ಲಿ ಒಪ್ಪಿಸಲಿಲ್ಲ. ಕೊಠಡಿ, ಶೌಚ, ರಕ್ಷಣೆ, ವೈದ್ಯಕೀಯ ವ್ಯವಸ್ಥೆಯ ಬಗ್ಗೆ ಭಾರತ ಲಿಖಿತ ಭರವಸೆ ಕೊಟ್ಟ ಮೇಲೆ ಹೈಕೋರ್ಟ್ ಒಪ್ಪಿತು, 2020ರ ಫೆಬ್ರವರಿಯಲ್ಲಿ ಅವರು ದೆಹಲಿಗೆ ಬಂದರು. ಶಸ್ತ್ರಾಸ್ತ್ರ ವ್ಯವಹಾರದ ದಲ್ಲಾಳಿ ಸಂಜಯ್ ಭಂಡಾರಿ ಪ್ರಕರಣದಲ್ಲಿ ಇದಕ್ಕೆ ಉಲ್ಟಾ ಆಯಿತು. ತಿಹಾರಿನಲ್ಲಿ ಸುಲಿಗೆ ಮತ್ತು ಹಿಂಸೆಗೆ ಗುರಿಯಾಗುವ ನಿಜವಾದ ಅಪಾಯವಿದೆ ಎಂಬ ವಾದವನ್ನು ಲಂಡನ್ ಹೈಕೋರ್ಟ್ 2025ರ ಫೆಬ್ರವರಿ 28ರಂದು ಒಪ್ಪಿ ಅವರನ್ನು ಬಿಟ್ಟಿತು. 1995ರ ಪುರುಲಿಯಾ ಶಸ್ತ್ರಾಸ್ತ್ರ ಪ್ರಕರಣದ ಕಿಮ್ ಡೇವಿಯನ್ನು ಒಪ್ಪಿಸಲು ಡೆನ್ಮಾರ್ಕಿನ ನ್ಯಾಯಾಲಯಗಳು 2011ರಲ್ಲೂ 2024ರಲ್ಲೂ ನಿರಾಕರಿಸಿವೆ.

ಇಲ್ಲೊಂದು ಆಡಳಿತದ ತೊಡಕಿದೆ. ಭರವಸೆ ಕೊಡುವುದು ಕೇಂದ್ರ ಸರ್ಕಾರ, ಆದರೆ ಸೆರೆಮನೆ ಸಂವಿಧಾನದ ರಾಜ್ಯಪಟ್ಟಿಯ ವಿಷಯ. ಉಡುಪಿಯ ಪ್ರಕರಣವೊಂದರಲ್ಲಿ ಲಂಡನ್ನಿನ ನ್ಯಾಯಾಧೀಶರು ಆರೋಪಿಯನ್ನು ಎಲ್ಲಿಡುತ್ತೀರಿ ಎಂದು ಕೇಳಿದರೆ, ಹಿರಿಯಡ್ಕದ ಜೈಲೋ ಬೆಂಗಳೂರಿನ ಪರಪ್ಪನ ಅಗ್ರಹಾರವೋ ಬೆಳಗಾವಿಯ ಹಿಂಡಲಗಾವೋ ಎಂದು ಹೇಳಿ, ಕೊಠಡಿಯ ಅಳತೆ ಸಹಿತ ಮಾಹಿತಿ ಒದಗಿಸಬೇಕಾದವರು ಕರ್ನಾಟಕದ ಬಂದೀಖಾನೆ ಇಲಾಖೆಯವರು. ಅಳತೆಯ ಪ್ರಶ್ನೆ ಗೌಣವಲ್ಲ. ಹಲವರಿರುವ ಕೊಠಡಿಯಲ್ಲಿ ಒಬ್ಬನಿಗೆ 3 ಚದರ ಮೀಟರಿಗಿಂತ ಕಡಿಮೆ ಜಾಗವಿದ್ದರೆ ಅದನ್ನು ಮೇಲ್ನೋಟಕ್ಕೆ ಅಮಾನವೀಯವೆಂದು ಭಾವಿಸಬೇಕು ಎಂಬುದು ಸ್ಟ್ರಾಸ್‌ಬರ್ಗ್ 2016ರಲ್ಲಿ ಸ್ಥಿರಪಡಿಸಿದ ಮಾನದಂಡ.

ಕೊಲ್ಲಿ ದೇಶಗಳು ಮತ್ತು ಅಮೆರಿಕ

ಯುಎಇಯೊಂದಿಗೆ ಭಾರತ 1999ರಲ್ಲಿ ಸಹಿ ಹಾಕಿದ ಹಸ್ತಾಂತರ ಒಪ್ಪಂದ 2000ದಿಂದ ಜಾರಿಯಲ್ಲಿದೆ. ಬಹರೈನ್, ಕುವೈತ್, ಒಮಾನ್, ಸೌದಿ ಅರೇಬಿಯಗಳೊಂದಿಗೂ ಒಪ್ಪಂದಗಳಿವೆ. ಯುಎಇ ಒಪ್ಪಂದದ 5ನೇ ವಿಧಿಯಂತೆ ಎರಡೂ ದೇಶಗಳು ತಮ್ಮ ಸ್ವಂತ ಪೌರರನ್ನು ಒಪ್ಪಿಸುವುದಿಲ್ಲ. ದುಬೈಯಲ್ಲಿ ಪ್ರಕರಣವಿರುವ ಕಾಪುವಿನ ಭಾರತೀಯ ಪೌರನೊಬ್ಬ ಊರು ಸೇರಿದ್ದರೆ ಭಾರತ ಆತನನ್ನು ದುಬೈಗೆ ಕಳುಹಿಸದು.

ಹಾಗೆಂದು ಪ್ರಕರಣ ಮುಗಿದಂತಲ್ಲ. ಒಪ್ಪಿಸದಿದ್ದರೆ ಇಲ್ಲೇ ವಿಚಾರಣೆಗೆ ಒಳಪಡಿಸಬೇಕು ಎಂದು ಅದೇ ವಿಧಿ ಹೇಳುತ್ತದೆ. ಹೊರದೇಶದಲ್ಲಿ ಭಾರತೀಯ ಮಾಡಿದ ಅಪರಾಧವನ್ನು ಇಲ್ಲಿ ವಿಚಾರಿಸಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 208ನೇ ಕಲಮು ಅವಕಾಶ ಕೊಡುತ್ತದೆ, ಕೇಂದ್ರದ ಪೂರ್ವಾನುಮತಿ ಬೇಕು. ಹಣದ ವ್ಯವಹಾರದಲ್ಲಿ ಇನ್ನೂ ಮುಖ್ಯವಾದ ಬದಲಾವಣೆ 2020ರ ಜನವರಿಯದು. ಯುಎಇಯ ಸಿವಿಲ್ ಡಿಕ್ರಿಗಳನ್ನು ಭಾರತದ ಜಿಲ್ಲಾ ನ್ಯಾಯಾಲಯಗಳು ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಮಿನಡಿ ನೇರವಾಗಿ ಜಾರಿಮಾಡಬಹುದೆಂದು ಕೇಂದ್ರ ಅಧಿಸೂಚನೆ ಹೊರಡಿಸಿತು. ಅಬುಧಾಬಿಯ ಬ್ಯಾಂಕು ಪಡೆದ ಡಿಕ್ರಿ ಈಗ ಉಡುಪಿಯ ಜಿಲ್ಲಾ ನ್ಯಾಯಾಲಯಕ್ಕೆ ಬಂದು ಮನೆ, ತೋಟ ಜಪ್ತಿಯಾಗಬಹುದು. ಇನ್ನೊಂದೆಡೆ, ಕರಾವಳಿಯ ಬಹಳಷ್ಟು ಜನರನ್ನು ಜೈಲಿನ ಭಯದಲ್ಲಿಟ್ಟಿದ್ದ ಚೆಕ್ ಬೌನ್ಸ್ ಕಾನೂನನ್ನು ಯುಎಇ 2022ರ ಜನವರಿಯಿಂದ ಸಡಿಲಿಸಿದೆ. ಖಾತೆಯಲ್ಲಿ ಹಣ ಸಾಲದೆ ಮರಳಿದ ಚೆಕ್ಕು ಅಲ್ಲಿ ಈಗ ಸಾಮಾನ್ಯವಾಗಿ ಕ್ರಿಮಿನಲ್ ಅಪರಾಧವಲ್ಲ, ವಂಚನೆಯ ಉದ್ದೇಶದ್ದಾದರೆ ಮಾತ್ರ ಅಪರಾಧ. ಕಾನೂನು ತಿಳಿಯದೆ ‘ಗಲ್ಫ್ ಕೇಸಿ’ಗೆ ಹೆದರಿ ಪಾಸ್‌ಪೋರ್ಟು ನವೀಕರಿಸದೆ ಕುಳಿತವರಿಗೆ ಈ ಎರಡೂ ಬದಲಾವಣೆಗಳು ಬೇರೆ ಬೇರೆ ದಿಕ್ಕಿನಲ್ಲಿ ಮುಖ್ಯ.

ಅಮೆರಿಕದ ಲೆಕ್ಕ ಬೇರೆ. 1997ರಲ್ಲಿ ಸಹಿಯಾಗಿ 1999ರಲ್ಲಿ ಜಾರಿಗೆ ಬಂದ ಒಪ್ಪಂದದಲ್ಲಿ ಸ್ವಂತ ಪೌರ ಎಂಬುದು ನಿರಾಕರಣೆಗೆ ಕಾರಣವಾಗುವುದಿಲ್ಲ. ಅಲ್ಲಿನ ವಾರಂಟಿಗೆ ಮಣಿಪಾಲದ ಭಾರತೀಯನನ್ನೂ ಒಪ್ಪಿಸಬಹುದು. ವಿರುದ್ಧ ದಿಕ್ಕಿನಲ್ಲಿ, ಮುಂಬಯಿ ದಾಳಿಯ ಆರೋಪಿ ತಹವ್ವುರ್ ರಾಣಾ ತನಗೆ ಭಾರತದಲ್ಲಿ ಚಿತ್ರಹಿಂಸೆಯಾಗುತ್ತದೆಂದು ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ವಾದಿಸಿದರೂ ಫಲಿಸಲಿಲ್ಲ. 2025ರ ಏಪ್ರಿಲ್ 10ರಂದು ದೆಹಲಿಗೆ ಕರೆತರಲಾಯಿತು.

ನೋಟಿಸ್‌ಗಳು

ಇಂಟರ್‌ಪೋಲ್ ನೋಟಿಸ್ ಎಂದರೆ ಬಂಧನದ ವಾರಂಟಲ್ಲ. ರೆಡ್ ಕಾರ್ನರ್ ನೋಟಿಸ್ ಹಸ್ತಾಂತರದ ಉದ್ದೇಶಕ್ಕಾಗಿ ಪತ್ತೆಹಚ್ಚಿ ತಾತ್ಕಾಲಿಕವಾಗಿ ಬಂಧಿಸುವಂತೆ ಮಾಡುವ ವಿನಂತಿ, ಬ್ಲೂ ಕಾರ್ನರ್ ನೋಟಿಸ್ ವ್ಯಕ್ತಿಯ ಇರುನೆಲೆಯ ಮಾಹಿತಿ ಕೇಳುವಂಥದ್ದು. ಬಿಡದಿಯ ನಿತ್ಯಾನಂದನ ಬಗ್ಗೆ 2020ರ ಜನವರಿಯಲ್ಲಿ ಹೊರಟದ್ದೂ, ಹಾಸನದ ಅಂದಿನ ಸಂಸದ ಪ್ರಜ್ವಲ್ ರೇವಣ್ಣ ಜರ್ಮನಿಗೆ ಹೋದಾಗ 2024ರಲ್ಲಿ ಹೊರಟದ್ದೂ ಬ್ಲೂ ಕಾರ್ನರ್. ಪ್ರಜ್ವಲ್ ಹಸ್ತಾಂತರದ ಹಂತಕ್ಕೆ ಮೊದಲೇ ಮೇ 31ರಂದು ತಾವಾಗಿ ಬೆಂಗಳೂರಿಗೆ ಬಂದು ಬಂಧಿತರಾದರು. ರಾಜಕೀಯ, ಸೈನಿಕ, ಧಾರ್ಮಿಕ, ಜನಾಂಗೀಯ ಸ್ವರೂಪದ ವಿಷಯಗಳಲ್ಲಿ ಕೈಹಾಕುವುದನ್ನು ಇಂಟರ್‌ಪೋಲ್ ಸಂವಿಧಾನದ 3ನೇ ವಿಧಿ ನಿಷೇಧಿಸಿದೆ. ನೋಟಿಸ್ ಅನ್ಯಾಯವೆನಿಸಿದವರು ಆ ಸಂಸ್ಥೆಯ ಕಡತ ನಿಯಂತ್ರಣ ಆಯೋಗಕ್ಕೆ ದೂರು ಕೊಡಬಹುದು. ಬ್ಯಾಂಕ್ ವಂಚನೆಯ ಆರೋಪಿ, ವಜ್ರದ ವ್ಯಾಪಾರಿ ಮೆಹುಲ್ ಚೋಕ್ಸಿಯ ಮೇಲಿದ್ದ ರೆಡ್ ನೋಟಿಸ್ ತೆರವಾದದ್ದು ಹೀಗೆ. ನೋಟಿಸ್ ಹೋಯಿತೆಂದರೆ ಅಪಾಯವೇ ಹೋಯಿತೆಂದಲ್ಲ. ಚೋಕ್ಸಿ 2025ರ ಏಪ್ರಿಲ್‌ನಲ್ಲಿ ಬೆಲ್ಜಿಯಂನಲ್ಲಿ ಭಾರತದ ನೇರ ಕೋರಿಕೆಯ ಮೇಲೆ ಬಂಧಿತರಾದರು.

ಇವೆಲ್ಲಕ್ಕಿಂತ ಬೇರೆಯಾದದ್ದು ಲುಕ್‌ಔಟ್ ಸುತ್ತೋಲೆ. ಅದು ಕೇಂದ್ರ ಗೃಹ ಸಚಿವಾಲಯದ ಆದೇಶಗಳಂತೆ ವಿಮಾನ ನಿಲ್ದಾಣದಲ್ಲಿ ತಡೆಯುವ ಕ್ರಮ, ಹಸ್ತಾಂತರಕ್ಕೂ ಅದಕ್ಕೂ ಸಂಬಂಧವಿಲ್ಲ. ಕಾಪುವಿನಲ್ಲಿ ಹುಟ್ಟಿ ಅಬುಧಾಬಿಯಲ್ಲಿ ನ್ಯೂ ಮೆಡಿಕಲ್ ಸೆಂಟರ್ ಕಟ್ಟಿದ ಉದ್ಯಮಿ ಬಿ.ಆರ್. ಶೆಟ್ಟಿ ಅವರನ್ನು 2020ರ ನವೆಂಬರಿನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ತಡೆದದ್ದು ಬ್ಯಾಂಕುಗಳ ಮನವಿಯ ಮೇಲಿನ ಇಂಥ ಸುತ್ತೋಲೆಯಿಂದ. ಅವರು ಅದನ್ನು ಕರ್ನಾಟಕ ಹೈಕೋರ್ಟಿನಲ್ಲಿ ಪ್ರಶ್ನಿಸಿದರು. ಸಾರ್ವಜನಿಕ ವಲಯದ ಬ್ಯಾಂಕುಗಳಿಗೆ ಇಂಥ ಸುತ್ತೋಲೆ ಕೋರುವ ಅಧಿಕಾರ ಕೊಟ್ಟಿದ್ದು ಸಲ್ಲದೆಂದು ಬಾಂಬೆ ಹೈಕೋರ್ಟ್ 2024ರ ಏಪ್ರಿಲ್‌ನಲ್ಲಿ ತೀರ್ಪಿತ್ತಿದೆ.

ಈಗಿನ ಸ್ಥಿತಿ

ಭಾರತಕ್ಕೆ 48 ದೇಶಗಳೊಂದಿಗೆ ಹಸ್ತಾಂತರ ಒಪ್ಪಂದವೂ 12 ದೇಶಗಳೊಂದಿಗೆ ಹಸ್ತಾಂತರ ಏರ್ಪಾಡೂ ಇದೆ. ರಾಜ್ಯ ಪೊಲೀಸರು ಇಂಟರ್‌ಪೋಲ್ ನೆರವನ್ನು ಸಿಬಿಐ ಮೂಲಕ ಬೇಗ ಪಡೆಯಲೆಂದು ‘ಭಾರತ್‌ಪೋಲ್’ ಎಂಬ ಜಾಲತಾಣ 2025ರ ಜನವರಿಯಲ್ಲಿ ಆರಂಭವಾಯಿತು. ತಲೆಮರೆಸಿಕೊಂಡ ಘೋಷಿತ ಅಪರಾಧಿಯ ವಿಚಾರಣೆಯನ್ನು ಆತನ ಗೈರುಹಾಜರಿಯಲ್ಲೇ ಮುಗಿಸಲು ಹೊಸ ಸುರಕ್ಷಾ ಸಂಹಿತೆಯ 356ನೇ ಕಲಮು ದಾರಿ ತೆರೆದಿದೆ. ಗೈರುಹಾಜರಿಯ ತೀರ್ಪನ್ನು ಯುರೋಪಿನ ನ್ಯಾಯಾಲಯಗಳು ಅನುಮಾನದಿಂದ ನೋಡುವ ಕಾರಣ, ಈ ಕಲಮು ಮುಂದೆ ಹಸ್ತಾಂತರಕ್ಕೆ ನೆರವಾಗುವುದಕ್ಕಿಂತ ಪ್ರತಿವಾದಕ್ಕೆ ಒದಗುವ ಸಾಧ್ಯತೆಯೂ ಇದೆ. ಭಾರತವೇ ಒಪ್ಪಿಸುವ ದೇಶವಾಗಿರುವ ದೊಡ್ಡ ಪ್ರಶ್ನೆಯೂ ಎದುರಿಗಿದೆ: ಬಾಂಗ್ಲಾದೇಶ ತನ್ನ ಮಾಜಿ ಪ್ರಧಾನಿ ಶೇಖ್ ಹಸೀನಾರನ್ನು 2024ರ ಡಿಸೆಂಬರಿನಿಂದ ಕೇಳುತ್ತಿದೆ, ಆ ದೇಶದ ಜೊತೆಗಿನ 2013ರ ಒಪ್ಪಂದದಲ್ಲಿ ರಾಜಕೀಯ ಅಪರಾಧದ ವಿನಾಯಿತಿ ಇದೆ.

ನಿರಾಶ್ರಿತರ ಬಗೆಗಿನ 1951ರ ಒಡಂಬಡಿಕೆಗೆ ಭಾರತ ಸೇರಿಲ್ಲ. ಚಿತ್ರಹಿಂಸೆ ವಿರುದ್ಧದ ವಿಶ್ವಸಂಸ್ಥೆಯ ಒಡಂಬಡಿಕೆಗೆ ಸೇರಿದರೆ ಹೊರದೇಶಗಳಲ್ಲಿ ಭಾರತದ ಕೋರಿಕೆಗಳು ಬೀಳುವುದು ಕಡಿಮೆಯಾದೀತೆಂದು ಹೇಳಿ ಕಾನೂನು ಆಯೋಗ 2017ರ ತನ್ನ 273ನೇ ವರದಿಯಲ್ಲಿ ಮಸೂದೆಯೊಂದರ ಕರಡನ್ನೂ ಕೊಟ್ಟಿದೆ. ಆ ಒಡಂಬಡಿಕೆಗೆ ಭಾರತ ಸಹಿ ಹಾಕಿದ್ದು 1997ರ ಅಕ್ಟೋಬರ್ 14ರಂದು; ಅನುಮೋದನೆ ಇನ್ನೂ ಆಗಿಲ್ಲ.